ವಿಷವಿಕ್ಕಿ ಕೊಂದ ಪ್ರಕರಣದಲ್ಲಿ ಮನೆಯವರು ನ್ಯಾಯಾಲಯದಲ್ಲಿ ಏನು ಹೇಳಬಹುದು, ಹೇಗೆ ಹೇಳಬಹುದು?

ಪ್ರಶ್ನೆ: ಹೊಂಗೆನೆರಳು

ನನ್ನ ಬಾಲ್ಯದ ಗೆಳತಿಯ ತಂದೆ ಮೂರು ವರ್ಷಗಳ ಹಿಂದೆ ತೀರಿಕೊಂಡರು. ಹೊಟ್ಟೆಯ ಕಾಯಿಲೆ ಉಲ್ಬಣಿಸಿತೆಂದೇ ಎಲ್ಲರೂ ನಂಬಿದ್ದರು. ಆಸ್ಪತ್ರೆಯ ವೈದ್ಯರೊಬ್ಬರಿಗೆ ಅನುಮಾನ ಬಂದು ಮರಣೋತ್ತರ ಪರೀಕ್ಷೆಯಾಯಿತು. ತಿಂಗಳುಗಟ್ಟಲೆ ಕಾದ ಮೇಲೆ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಂತು, ಅದರ ಬೆನ್ನಿಗೇ ಹತ್ತಿರದ ಸಂಬಂಧಿಯೊಬ್ಬರ ಮೇಲೆ ಕೊಲೆಯ ಆರೋಪಪಟ್ಟಿ ಸಲ್ಲಿಕೆಯಾಯಿತು. ಈಗ ಪ್ರಕರಣ ಸೆಷನ್ಸ್ ನ್ಯಾಯಾಲಯದಲ್ಲಿದೆ. ಮುಂದಿನ ತಿಂಗಳು ಗೆಳತಿಯೂ ಅವಳ ತಾಯಿಯೂ ಸಾಕ್ಷಿ ಹೇಳಬೇಕಾಗಿದೆ. ವಿಚಾರಣೆ ನಡೆಯುತ್ತಿರುವುದರಿಂದ ಊರು, ಹೆಸರು, ವಿಷ ಯಾವುದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ದಯವಿಟ್ಟು ಯಾರೂ ಕೇಳಬೇಡಿ.

ತಾಯಿಯ ಸ್ಥಿತಿಯನ್ನು ನೋಡಲಾಗುವುದಿಲ್ಲ. ಆ ರಾತ್ರಿ ಮಾತ್ರೆಯ ಜೊತೆಗೆ ನೀರಿನ ಲೋಟವನ್ನು ಗಂಡನ ಕೈಗೆ ಕೊಟ್ಟವರು ಅವರೇ. ಲೋಟದಲ್ಲಿ ಏನು ಬೆರೆತಿತ್ತೆಂಬುದು ಅವರಿಗೆ ಗೊತ್ತಿರಲಿಲ್ಲ, ಗೊತ್ತಾಗುವ ಸಾಧ್ಯತೆಯೂ ಇರಲಿಲ್ಲ. ತನಿಖೆಯಲ್ಲಿಯೂ ಅದು ಸ್ಪಷ್ಟವಾಗಿದೆ. ಆದರೂ "ಕೊಟ್ಟ ಕೈ ನನ್ನದು" ಎಂಬ ಒಂದು ಮಾತನ್ನು ಬಿಟ್ಟರೆ ಈ ಮೂರು ವರ್ಷಗಳಲ್ಲಿ ಅವರು ಆ ಸಾವಿನ ಬಗ್ಗೆ ಬೇರೇನನ್ನೂ ಆಡಿಲ್ಲ. ಮನೆಗೆ ಹೋದವರಿಗೆ ಈಗ ಅವರು ನೀರನ್ನು ಕೈಗೆ ಕೊಡುವುದಿಲ್ಲ. ತಂಬಿಗೆ, ಲೋಟಗಳನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ. ಬಂದವರೇ ಬಗ್ಗಿಸಿಕೊಂಡು ಕುಡಿಯಬೇಕು.

ಸಂಬಂಧಿಕರಲ್ಲಿ ಕೆಲವರು "ಕಟಕಟೆಯಲ್ಲಿ ಅತ್ತುಬಿಡು, ನ್ಯಾಯಾಧೀಶರ ಮನಸ್ಸು ಕರಗಲಿ" ಎಂದು ಹೇಳಿಕೊಡುತ್ತಿದ್ದಾರೆ. ಇನ್ನು ಕೆಲವರು "ಒಂದು ಹನಿ ಹೆಚ್ಚು ಬಿದ್ದರೂ ನಾಟಕವೆನ್ನುತ್ತಾರೆ, ಕಲ್ಲಿನಂತೆ ನಿಲ್ಲು" ಎನ್ನುತ್ತಾರೆ. ಎರಡನ್ನೂ ಕೇಳಿಸಿಕೊಂಡು ತಾಯಿ ಸುಮ್ಮನಿದ್ದಾರೆ.

ನಾನು ಈ ಪ್ರಶ್ನೆ ಕೇಳಲು ಇನ್ನೊಂದು ಕಾರಣವೂ ಇದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಲಿಯೊಂಗಾಥಾದಲ್ಲಿ 2023ರ ಜುಲೈ 29ರಂದು ಎರಿನ್ ಪ್ಯಾಟರ್ಸನ್ ಎಂಬಾಕೆ, ತನ್ನಿಂದ ದೂರವಾಗಿದ್ದ ಗಂಡನ ತಂದೆತಾಯಿಯನ್ನೂ, ಆ ತಾಯಿಯ ತಂಗಿ ಮತ್ತು ಆಕೆಯ ಗಂಡನನ್ನೂ ಊಟಕ್ಕೆ ಕರೆದು ವಿಷದ ಅಣಬೆ ಬಡಿಸಿದ ಪ್ರಕರಣವನ್ನು ನೀವೆಲ್ಲ ಓದಿರಬಹುದು. ಮೂವರು ಸತ್ತರು. ತಂಗಿಯ ಗಂಡ, ಚರ್ಚಿನ ಪಾದ್ರಿ, ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದು ಬದುಕಿ ಬಂದರು. 2025ರ ಜುಲೈ 7ರಂದು ಜ್ಯೂರಿ ಆಕೆಯನ್ನು ಅಪರಾಧಿಯೆಂದಿತು. ಶಿಕ್ಷೆ ನಿಗದಿಯಾಗುವ ಮುನ್ನ, ಆಗಸ್ಟ್ 25ರಂದು, ಆ ಪಾದ್ರಿ ನ್ಯಾಯಾಲಯದಲ್ಲಿ ನಿಂತು ಹೆಂಡತಿಯಿಲ್ಲದ ಮನೆಯ ಮೌನದ ಬಗ್ಗೆ, ಆಕೆಯಿಲ್ಲದೆ ತಾನು ಅರ್ಧ ಜೀವದವನಂತಾಗಿರುವ ಬಗ್ಗೆ ಓದಿ ಹೇಳಿದರು. ಅದನ್ನು ಓದಿದ ಗೆಳತಿ "ನಮಗೂ ಹಾಗೆ ಮಾತಾಡಲು ಬಿಡುತ್ತಾರೆಯೇ?" ಎಂದು ಕೇಳಿದಳು. ನನಗೆ ಉತ್ತರ ತಿಳಿದಿರಲಿಲ್ಲ. ಕಾನೂನು ಬಲ್ಲವರೂ ಇಂಥದ್ದನ್ನು ಅನುಭವಿಸಿದವರೂ ದಯವಿಟ್ಟು ತಿಳಿಸಿ.

ಉತ್ತರ: ವಾದಸರಣಿ

ನಾನು ಸೆಷನ್ಸ್ ನ್ಯಾಯಾಲಯಗಳಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಕೀಲಿ ಮಾಡುತ್ತಿದ್ದೇನೆ, ಬಹುಪಾಲು ಆರೋಪಿಗಳ ಪರವಾಗಿ. ಆದ್ದರಿಂದ ಪಾಟೀಸವಾಲಿನ ಆಚೆ ಬದಿಯಿಂದ ನೋಡಿದವನ ಮಾತೆಂದು ಇದನ್ನು ಓದಿಕೊಳ್ಳಿ.

ನಿಮ್ಮ ಗೆಳತಿಯ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಮಾತುಗಳು ಬೆರೆತುಹೋಗಿವೆ. ಮುಂದಿನ ತಿಂಗಳು ಅವರು ಆಡಬೇಕಾದದ್ದು ಸಾಕ್ಷಿಯ ಮಾತು. ಆ ಪಾದ್ರಿ ಆಡಿದ್ದು ದುಃಖದ ಮಾತು, ಅದೂ ಅಪರಾಧ ಸಾಬೀತಾದ ಮೇಲೆ. ವಿಕ್ಟೋರಿಯಾದಲ್ಲಿ ಈ ಎರಡನೆಯ ಮಾತಿಗೆ ಕಾನೂನಿನಲ್ಲೇ ಜಾಗವಿದೆ. ಅಲ್ಲಿನ 1991ರ ಶಿಕ್ಷಾ ಕಾಯ್ದೆಗೆ 1994ರಲ್ಲಿ ತಿದ್ದುಪಡಿಯಾಗಿ, ಅಪರಾಧದಿಂದ ತನಗಾದ ಹಾನಿಯನ್ನು ಸಂತ್ರಸ್ತರು ಬರೆದು ಸಲ್ಲಿಸುವ, ಬೇಕಿದ್ದರೆ ತಾವೇ ಓದುವ ಅಥವಾ ಬೇರೆಯವರಿಂದ ಓದಿಸುವ ಅವಕಾಶ ಬಂತು. ನೀವು ಹೇಳಿದ ಪ್ರಕರಣದಲ್ಲಿ ಸತ್ತ ದಂಪತಿಯ ಮಗನ, ಅಂದರೆ ಎರಿನ್ ಗಂಡನ, ಹೇಳಿಕೆಯನ್ನು ಸಂಬಂಧಿಕರೊಬ್ಬರು ಓದಿದರು. ಇಂಥ ಹೇಳಿಕೆಯ ಪದ್ಧತಿ ಶುರುವಾದದ್ದು 1976ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ. ಅಲ್ಲಿ ಕೊಲೆ ಪ್ರಕರಣಗಳಲ್ಲಿ ಇದನ್ನು ಒಪ್ಪಬೇಕೋ ಬೇಡವೋ ಎಂಬ ವಾದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು: 1987ರಲ್ಲಿ ಮರಣದಂಡನೆಯ ಪ್ರಕರಣಗಳಲ್ಲಿ ಬೇಡವೆಂದ ಅದೇ ನ್ಯಾಯಾಲಯ 1991ರಲ್ಲಿ ತನ್ನ ನಿಲುವನ್ನು ತಿರುಗಿಸಿತು. ಇಂಗ್ಲೆಂಡಿನಲ್ಲಿ ಇದು ಬಂದದ್ದು 2001ರಲ್ಲಿ. ಅಲ್ಲಿ ಮನೆಯವರು ತಮಗಾದ ಹಾನಿಯನ್ನು ಹೇಳಬಹುದು, ಇಷ್ಟೇ ಶಿಕ್ಷೆಯಾಗಬೇಕೆಂಬ ಅಭಿಪ್ರಾಯವನ್ನು ಮಾತ್ರ ನ್ಯಾಯಾಧೀಶರು ಪರಿಗಣಿಸುವುದಿಲ್ಲ.

ನಮ್ಮಲ್ಲಿ ಹಾಗೆ ಎದ್ದು ನಿಂತು ಓದುವ ಹಂತವನ್ನು ಕಾನೂನು ಪ್ರತ್ಯೇಕವಾಗಿ ಗುರುತಿಸಿಲ್ಲ. ಅಪರಾಧ ಸಾಬೀತಾದ ಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆ ಕೇಳಲೇಬೇಕಾದದ್ದು ಅಪರಾಧಿಯನ್ನು. ಮನೆಯವರ ಪರವಾಗಿ ಸರ್ಕಾರಿ ಅಭಿಯೋಜಕರು ಮಾತಾಡುತ್ತಾರೆ. ಇದು ಕೊರತೆಯೆಂದು ನಮ್ಮ ಸುಪ್ರೀಂ ಕೋರ್ಟೇ ಗಮನಿಸಿದೆ. 2018ರ ಅಕ್ಟೋಬರ್ 12ರಂದು ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ, ಅದು ಕರ್ನಾಟಕದಿಂದಲೇ ಹೋದ ಮೇಲ್ಮನವಿ, ಸಂತ್ರಸ್ತರ ಹಾನಿಯ ಹೇಳಿಕೆಗೆ ಮನ್ನಣೆ ಸಿಗಬೇಕೆಂದು ನ್ಯಾಯಮೂರ್ತಿ ಮದನ್ ಲೋಕೂರ್ ಬರೆದರು. ಆರೋಪಿ ಬಿಡುಗಡೆಯಾದರೆ ವಿಶೇಷ ಅನುಮತಿಯ ಹಂಗಿಲ್ಲದೆ ಸಂತ್ರಸ್ತರೇ ಮೇಲ್ಮನವಿ ಸಲ್ಲಿಸಬಹುದೆಂಬ ಮಾತೂ ಅದೇ ತೀರ್ಪಿನಲ್ಲಿ ಗಟ್ಟಿಯಾಯಿತು. 2022ರಲ್ಲಿ ಅದೇ ನ್ಯಾಯಾಲಯ, ತನಿಖೆಯಿಂದ ಹಿಡಿದು ಮೇಲ್ಮನವಿಯವರೆಗೆ ಪ್ರತಿ ಹಂತದಲ್ಲೂ ಸಂತ್ರಸ್ತರಿಗೆ ತಮ್ಮ ಮಾತು ಹೇಳಿಕೊಳ್ಳುವ ಹಕ್ಕಿದೆಯೆಂದು ಹೇಳಿತು. ಹೀಗಾಗಿ ಗೆಳತಿಯ ಮನೆಯವರು ಅಭಿಯೋಜಕರಿಗೆ ನೆರವಾಗಲು ತಮ್ಮ ವಕೀಲರನ್ನು ಇಟ್ಟುಕೊಂಡು, ಶಿಕ್ಷೆಯ ಹಂತದಲ್ಲಿ ತಮ್ಮ ಮಾತನ್ನು ಲಿಖಿತವಾಗಿ ನ್ಯಾಯಾಧೀಶರ ಮುಂದಿಡಲು ಅನುಮತಿ ಕೇಳಬಹುದು. ಕೊಡುವುದು, ಬಿಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು. ನಾನು ಕಂಡಂತೆ, ಮರ್ಯಾದೆಯಿಂದ ಕೇಳಿದವರಿಗೆ ಕೊಟ್ಟವರೇ ಹೆಚ್ಚು.

ಈಗ ಮುಂದಿನ ತಿಂಗಳ ಸಾಕ್ಷ್ಯಕ್ಕೆ ಬರುತ್ತೇನೆ, ಏಕೆಂದರೆ ನನಗೆ ನಿಜವಾಗಿ ಆತಂಕವಾದದ್ದು ಸಂಬಂಧಿಕರ ಉಪದೇಶವನ್ನು ಓದಿದಾಗ. ವಿಷವಿಕ್ಕಿದ ಕೊಲೆಗೆ ಸಾಮಾನ್ಯವಾಗಿ ಕಣ್ಣಾರೆ ಕಂಡವರಿರುವುದಿಲ್ಲ. ಎಲ್ಲವೂ ಸಾಂದರ್ಭಿಕ ಸಾಕ್ಷ್ಯದ ಮೇಲೆ ನಿಲ್ಲಬೇಕು. 1984ರ ಶರದ್ ಬಿರ್ಧಿಚಂದ್ ಸಾರ್ದಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಇಂಥ ಪ್ರಕರಣದಲ್ಲಿ ನಾಲ್ಕು ಸಂಗತಿಗಳನ್ನು ನೋಡಬೇಕೆಂದಿತು: ಆರೋಪಿಗೆ ವಿಷ ಹಾಕಲು ಸ್ಪಷ್ಟವಾದ ಉದ್ದೇಶವಿತ್ತೇ, ಸಾವು ಆ ವಿಷದಿಂದಲೇ ಆಯಿತೇ, ವಿಷ ಆರೋಪಿಯ ಬಳಿ ಇತ್ತೇ, ಅದನ್ನು ಹಾಕುವ ಅವಕಾಶ ಅವರಿಗೆ ಸಿಕ್ಕಿತ್ತೇ. ಆ ಪ್ರಕರಣ ಸಯನೈಡಿನದು, ಆರೋಪಿ ಬಿಡುಗಡೆಯಾದ. ವಿಷ ಆರೋಪಿಯ ಬಳಿ ಇದ್ದದ್ದು ಸಾಬೀತಾಗಲಿಲ್ಲವೆಂಬ ಒಂದೇ ಕಾರಣಕ್ಕೆ ಬಿಡುಗಡೆ ಮಾಡಬೇಕಾಗಿಲ್ಲವೆಂದು 1988ರಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು ಎಂಬುದನ್ನೂ ಸೇರಿಸಬೇಕು. ಆ ನಾಲ್ಕರಲ್ಲಿ ಎರಡನೆಯದನ್ನು, ಅಂದರೆ ಸಾವಿನ ಕಾರಣವನ್ನು, ವೈದ್ಯರು ಮತ್ತು ಪ್ರಯೋಗಾಲಯದವರು ಹೇಳುತ್ತಾರೆ. ಅವಕಾಶವನ್ನು ಹೇಳಬೇಕಾದವರು ಮನೆಯವರು. ನೀರು ತುಂಬಿಟ್ಟವರು ಯಾರು, ಲೋಟ ಎಷ್ಟು ಹೊತ್ತು ಎಲ್ಲಿತ್ತು, ಆ ಹೊತ್ತಿನಲ್ಲಿ ಆ ಕೋಣೆಗೆ ಯಾರು ಬಂದರು, ಕುಡಿದ ಎಷ್ಟು ಹೊತ್ತಿಗೆ ವಾಂತಿಯಾಯಿತು, ಅವರು ಏನೆಂದರು. ತಾಯಿಯವರ "ಕೊಟ್ಟ ಕೈ ನನ್ನದು" ಎಂಬ ಮಾತಿನಲ್ಲಿ ಅವರಿಗೆ ಕಾಣುತ್ತಿರುವುದು ತಪ್ಪು. ಪ್ರಕರಣದ ಸರಪಳಿಯಲ್ಲಿ ಅದು ಒಂದು ಕೊಂಡಿ. ಆ ಕೊಂಡಿಯನ್ನು ಅವರಲ್ಲದೆ ಬೇರೆ ಯಾರೂ ಕೂಡಿಸಲಾರರು.

ಅಳುವುದು, ಅಳದಿರುವುದು ನನ್ನ ಕಕ್ಷಿದಾರರಿಗೆ ಎಂದೂ ಲಾಭ ತಂದಿಲ್ಲ. ಲಾಭ ತಂದದ್ದು ಉತ್ಪ್ರೇಕ್ಷೆ. ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ಇಲ್ಲದ್ದನ್ನು ದುಃಖದ ಭರದಲ್ಲಿ ಕಟಕಟೆಯಲ್ಲಿ ಮೊದಲ ಸಲ ಹೇಳಿದರೆ, "ಇದನ್ನು ನೀವು ತನಿಖಾಧಿಕಾರಿಗೆ ಹೇಳಿರಲಿಲ್ಲವಲ್ಲ?" ಎಂಬ ಒಂದು ಪ್ರಶ್ನೆ ಸಾಕು, ನಿಜವಾದ ಮಾತಿಗೂ ಮಸಿ ಹತ್ತುತ್ತದೆ. ಅದನ್ನು ನಾನೇ ಕೇಳಿದ್ದೇನೆ, ಕೇಳುವುದು ನನ್ನ ಕರ್ತವ್ಯವೂ ಆಗಿತ್ತು. ನೆನಪಿಲ್ಲದ್ದಕ್ಕೆ ನೆನಪಿಲ್ಲ ಎನ್ನಲಿ. ಗಂಟೆ ಎಷ್ಟೆಂದು ಖಚಿತವಿಲ್ಲದಿದ್ದರೆ ಖಚಿತವಿಲ್ಲ ಎನ್ನಲಿ. ಕಣ್ಣೀರು ಬಂದರೆ ಒರೆಸಿಕೊಂಡು, ನೀರು ಬೇಕೆಂದು ಕೇಳಿ, ಸಾವಕಾಶವಾಗಿ ಮುಂದುವರಿಯಲಿ.

ಉತ್ತರ: ಮುಂಗಾರುತಂಗಿ

ಇಲ್ಲಿ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನನ್ನ ಅಣ್ಣನನ್ನು ವಿಷ ಹಾಕಿ ಕೊಂದರು. ಹಾಕಿದವರು ನಮ್ಮ ಮನೆಯೊಳಗೇ ಇದ್ದವರು. ಪ್ರಕರಣ ಮುಗಿದು ಶಿಕ್ಷೆಯಾಗಿದೆ, ಆದರೂ ಹೆಸರು ಬರೆಯುವುದಿಲ್ಲ, ಆ ಮನೆಯಲ್ಲಿ ಮಕ್ಕಳಿದ್ದಾರೆ.

ಅಣ್ಣ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಆ ಹತ್ತೊಂಬತ್ತೂ ದಿನ ಅವನ ಹಾಸಿಗೆಯ ಪಕ್ಕದಲ್ಲಿ ಕುಳಿತು, ಒದ್ದೆ ಬಟ್ಟೆಯಿಂದ ಅವನ ತುಟಿ ಒರೆಸುತ್ತಿದ್ದ ವ್ಯಕ್ತಿಗೇ ಕೊನೆಗೆ ಶಿಕ್ಷೆಯಾಯಿತು. ನಾನು ಆ ವ್ಯಕ್ತಿಯ ಕೈ ಹಿಡಿದು "ನೀವಿಲ್ಲದಿದ್ದರೆ ಅಣ್ಣನನ್ನು ಯಾರು ನೋಡಿಕೊಳ್ಳುತ್ತಿದ್ದರು" ಎಂದಿದ್ದೆ. ಅಣ್ಣ ಸತ್ತ ದುಃಖಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಕಾಲ ತಿಂದಿತು. ಬೇರೆ ರೀತಿಯಲ್ಲಿ ಕೊಲೆಯಾದವರ ಮನೆಯವರಿಗೆ ಇದು ಇರುತ್ತದೆಯೋ ಇಲ್ಲವೋ ನಾನರಿಯೆ. ನಮಗೆ ಸಾವಿನ ದಿನ ಒಂದು ಸಲ, ವರದಿ ಬಂದ ದಿನ ಇನ್ನೊಂದು ಸಲ ಅವನು ಸತ್ತ. ಎರಡನೆಯ ಸಲ ಸತ್ತಾಗ ಹಿಂದಿನ ಎಷ್ಟೋ ವರ್ಷಗಳನ್ನು ಜೊತೆಗೆ ಒಯ್ದ. ಒಟ್ಟಿಗೆ ತೆಗೆಸಿಕೊಂಡ ಚಿತ್ರಗಳು, ಹಬ್ಬದ ದಿನಗಳು, ಯಾವುದನ್ನೂ ಮೊದಲಿನಂತೆ ನೋಡಲಾಗಲಿಲ್ಲ.

ಸಾಕ್ಷಿಯ ದಿನ ನನ್ನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದ್ದರು, ಉಳಿದ ಸಾಕ್ಷಿಗಳು ಹೇಳುವುದನ್ನು ಕೇಳಬಾರದೆಂದು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಆರೋಪಿಯ ಅಕ್ಕ ಕುಳಿತಿದ್ದರು. ನನ್ನ ಮದುವೆಯಲ್ಲಿ ನನಗೆ ಜಡೆ ಹೆಣೆದವರು ಅವರು. ಮಧ್ಯಾಹ್ನದವರೆಗೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ, ಎದ್ದು ಬೇರೆಡೆಗೆ ಹೋಗಲೂ ಇಲ್ಲ.

ಒಳಗೆ ನಾನು ಹೇಳಿದ್ದನ್ನು ನ್ಯಾಯಾಧೀಶರು ತಮ್ಮ ಮಾತಿನಲ್ಲಿ ಹೇಳಿ ಬೆರಳಚ್ಚು ಮಾಡಿಸುತ್ತಿದ್ದರು. "ಅಣ್ಣ ಫೋನಿನಲ್ಲಿ ಗಂಟಲು ಉರೀತಾ ಇದೆ ಕಣೇ ಅಂದ" ಎಂದೆ. ಹಾಳೆಯ ಮೇಲೆ ಅದು "ಮೃತರು ತಮಗೆ ಗಂಟಲುರಿ ಇರುವುದಾಗಿ ದೂರವಾಣಿಯಲ್ಲಿ ತಿಳಿಸಿದರು" ಎಂದಾಯಿತು. "ಕಣೇ" ಎಂಬುದು ಹೋಯಿತು. ಆಗ ನನಗೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಆ ಹಾಳೆಗೆ ಬೇಕಾದದ್ದು ಗಂಟಲುರಿ ಮಾತ್ರ, "ಕಣೇ" ನನ್ನ ಬಳಿಯೇ ಉಳಿಯಬೇಕಾದದ್ದು ಎನಿಸುತ್ತದೆ. ಪಾಟೀಸವಾಲಿನಲ್ಲಿ, ಅಣ್ಣನಿಗೆ ಸಾಲವಿತ್ತೇ, ಬೇಸರದಲ್ಲಿದ್ದನೇ, ತಾನೇ ಕುಡಿದಿರಬಹುದಲ್ಲವೇ ಎಂದು ಕೇಳಿದರು. ಇದನ್ನು ಕೇಳಿಯೇ ಕೇಳುತ್ತಾರೆ, ನಿಮ್ಮ ಗೆಳತಿಯನ್ನು ಮೊದಲೇ ಸಿದ್ಧಪಡಿಸಿ. ಸತ್ತವರ ಬಗ್ಗೆ ಹಾಗೆ ಕೇಳಿದಾಗ ಉಸಿರು ನಿಂತಂತಾಗುತ್ತದೆ. ನಾನು "ಇಲ್ಲ" ಎಂದು ಮೂರು ಸಲ ಹೇಳಿದೆ, ಮೂರನೆಯ ಸಲ ನನ್ನ ದನಿ ನನಗೇ ಕೇಳಿಸಲಿಲ್ಲ.

ಆಮೇಲೆ ಗುಮಾಸ್ತರು ಕಂದು ಕಾಗದದ ಪೊಟ್ಟಣದ ಅರಗಿನ ಮುದ್ರೆ ಒಡೆದು ಒಂದು ಫ್ಲಾಸ್ಕ್ ತೆಗೆದು ನನ್ನ ಮುಂದೆ ಹಿಡಿದರು. ಅದರ ಕೊರಳಿಗೆ ಚೀಟಿ ಕಟ್ಟಿತ್ತು, ಎಂ.ಒ. 4 ಎಂದು, ಅಂದರೆ ಪ್ರಕರಣದ ನಾಲ್ಕನೆಯ ಸಾಕ್ಷ್ಯವಸ್ತು. ಕೆಳಗಿನ ಅಂಚಿನಲ್ಲಿ ಹೆಬ್ಬೆರಳಿನಷ್ಟು ತಗ್ಗು. ಬೈಕಿನಿಂದ ಬಿದ್ದಾಗ ಆದದ್ದು. "ನನಗೆ ಏನೂ ಆಗಲಿಲ್ಲ, ಪಾಪ ಇದಕ್ಕೇ ಪೆಟ್ಟಾಯ್ತು" ಎಂದು ಅವನು ನಕ್ಕಿದ್ದ. "ಇದನ್ನು ಗುರುತಿಸುತ್ತೀರಾ?" ಎಂದು ಕೇಳಿದರು. "ಗುರುತಿಸುತ್ತೇನೆ, ಅಣ್ಣನದು" ಎಂದೆ. ಮೂರು ವರ್ಷಗಳಲ್ಲಿ ಆ ಒಂದು ಕ್ಷಣ ನಾನು ಸಾಕ್ಷಿಯೂ ಆಗಿದ್ದೆ, ತಂಗಿಯೂ ಆಗಿದ್ದೆ.

ಶಿಕ್ಷೆಯ ದಿನ ನಮ್ಮನ್ನು ಯಾರೂ ಏನೂ ಕೇಳಲಿಲ್ಲ. ಅಪ್ಪ ಇದ್ದಕ್ಕಿದ್ದಂತೆ ಎದ್ದು ನಿಂತರು. ಗುಮಾಸ್ತರು ಕೂರುವಂತೆ ಕೈಸನ್ನೆ ಮಾಡಿದರು. ನ್ಯಾಯಾಧೀಶರು ಬೇಡವೆಂದು ತಲೆಯಾಡಿಸಿ "ಹೇಳಿ" ಎಂದರು. ಅಪ್ಪ ಹೇಳಿದ್ದು ಇಷ್ಟೇ: "ಹತ್ತೊಂಬತ್ತು ದಿನ ಇದ್ದ ಸ್ವಾಮಿ. ಯಾರ ಮೇಲೂ ಅನುಮಾನ ಪಡಲಿಲ್ಲ. ಅದನ್ನೊಂದು ಬರೆದುಕೊಳ್ಳಿ." ತೀರ್ಪಿನ ಪ್ರತಿಯಲ್ಲಿ ಅದಿಲ್ಲ, ನಾನು ಹುಡುಕಿದ್ದೇನೆ. ಮೇಲೆ ವಕೀಲರು ಹೇಳಿದ ಲಿಖಿತ ಹೇಳಿಕೆಯ ದಾರಿ ಆಗ ನಮಗೆ ಗೊತ್ತಿದ್ದರೆ ಅಪ್ಪನ ಮಾತು ಕಡತದಲ್ಲಿ ಉಳಿಯುತ್ತಿತ್ತು. ನಿಮ್ಮ ಗೆಳತಿ ಅದನ್ನು ಕೈಬಿಡದಿರಲಿ.

ಉತ್ತರ: ಸಾವಧಾನ

ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ಹಠಾತ್ತಾಗಿ ಆಪ್ತರನ್ನು ಕಳೆದುಕೊಂಡ ಕುಟುಂಬಗಳ ಜೊತೆ ಕೆಲಸ ಮಾಡುತ್ತೇನೆ. ಮುಂಗಾರುತಂಗಿಯವರು ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಪರದೆಯನ್ನು ಮುಚ್ಚಿಟ್ಟೆ.

"ಎರಡು ಸಲ ಸತ್ತ" ಎಂದು ಅವರು ಹೇಳಿದ್ದು ಈ ಬಗೆಯ ಸಾವಿನ ಸ್ವಭಾವದಲ್ಲೇ ಇದೆ. ಅನೇಕ ವಿಷಗಳು ಕಾಯಿಲೆಯ ವೇಷದಲ್ಲಿ ಬರುತ್ತವೆ. ಆಸ್ಟ್ರೇಲಿಯಾದ ಪ್ರಕರಣದ ಆ ಅಣಬೆಯನ್ನೇ ನೋಡಿ. ತಿಂದ ಮೇಲೆ ಸಾಮಾನ್ಯವಾಗಿ 6ರಿಂದ 12 ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು, ಏನೂ ತೋರುವುದಿಲ್ಲ. ಆಮೇಲೆ ವಾಂತಿಭೇದಿ. ಅದು ಇಳಿದು ರೋಗಿ ಚೇತರಿಸಿಕೊಂಡಂತೆ ಕಾಣುವ ಒಂದು ಅವಧಿ ಬರುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಅಷ್ಟರಲ್ಲಿ ಒಳಗೆ ಯಕೃತ್ತು ನಾಶವಾಗುತ್ತಿರುತ್ತದೆ. ಥ್ಯಾಲಿಯಂ ಎಂಬ ವಿಷಲೋಹ ಬೆರೆತದ್ದನ್ನು ಕುಡಿದವರ ಕೂದಲು ಉದುರಲು ಎರಡು ಮೂರು ವಾರ ಬೇಕು. ಹೀಗೆ ಕಾರಣಕ್ಕೂ ಪರಿಣಾಮಕ್ಕೂ ನಡುವೆ ಬಿದ್ದ ಅಂತರದಲ್ಲಿ ಮನೆಯವರು ಏನೇನೋ ಮಾಡಿರುತ್ತಾರೆ: "ಸ್ವಲ್ಪ ಮಲಗಿದರೆ ಸರಿಹೋಗುತ್ತೆ" ಎಂದಿರುತ್ತಾರೆ, ಊಟ ಮಾಡಲು ಒತ್ತಾಯಿಸಿರುತ್ತಾರೆ, ಅದೇ ಲೋಟದಲ್ಲಿ ಮತ್ತೆ ನೀರು ಕೊಟ್ಟಿರುತ್ತಾರೆ. ಸತ್ಯ ಹೊರಬಿದ್ದ ಮೇಲೆ ಮನಸ್ಸು ಆ ಅಂತರಕ್ಕೆ ಹಿಂದಿರುಗಿ ಪ್ರತಿ ಗಳಿಗೆಯನ್ನೂ ವಿಚಾರಣೆಗೆ ಎಳೆಯುತ್ತದೆ. ತಾಯಿಯವರು ನೀರು ಕೊಡದೆ ಹಿಂದೆ ಸರಿಯುವುದು ನನಗೆ ವಿಚಿತ್ರವಾಗಿ ಕಾಣಲಿಲ್ಲ. ಆರೈಕೆ ಮಾಡಿದ ಕೈಯನ್ನೇ ಕೊಲೆಗಾರ ತನ್ನ ಸಲಕರಣೆಯಾಗಿ ಬಳಸಿಕೊಂಡಾಗ, ಆ ಕೈಯನ್ನು ಮತ್ತೆ ನಂಬುವುದಕ್ಕೆ ಬಹಳ ಕಾಲ ಹಿಡಿಯುತ್ತದೆ.

ಇಂಗ್ಲೆಂಡಿನ ವೈದ್ಯ ಹೆರಾಲ್ಡ್ ಶಿಪ್‌ಮನ್‌ನ ಪ್ರಕರಣವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಡೈಮಾರ್ಫಿನ್ ಎಂಬ ತೀವ್ರ ನೋವುನಿವಾರಕವನ್ನು ಚುಚ್ಚಿ ತನ್ನ ರೋಗಿಗಳನ್ನು ಕೊಂದ ಅವನಿಗೆ 2000ದ ಜನವರಿ 31ರಂದು 15 ಕೊಲೆಗಳಿಗಾಗಿ ಶಿಕ್ಷೆಯಾಯಿತು. ಅವನು ಸಿಕ್ಕಿಬಿದ್ದದ್ದು, ಸತ್ತ ಮುದುಕಿಯೊಬ್ಬರ ಮಗಳು, ವೃತ್ತಿಯಿಂದ ವಕೀಲೆ, ತಾಯಿಯ ಉಯಿಲು ನಕಲಿಯೆಂದು ಗುರುತಿಸಿದ್ದರಿಂದ. ನೂರಾರು ಮನೆಗಳಲ್ಲಿ ತಂದೆತಾಯಿ ವಯಸ್ಸಾಗಿ ತೀರಿಕೊಂಡರೆಂದು ನಂಬಿ, ವೈದ್ಯನಿಗೆ ಧನ್ಯವಾದ ಹೇಳಿ, ಸಂಸ್ಕಾರ ಮುಗಿಸಿ ವರ್ಷಗಳೇ ಕಳೆದಿದ್ದವು. ನ್ಯಾಯಮೂರ್ತಿ ಜಾನೆಟ್ ಸ್ಮಿತ್ ಅವರ ವಿಚಾರಣಾ ಆಯೋಗ 2002ರ ಜುಲೈನಲ್ಲಿ ಕೊಟ್ಟ ಮೊದಲ ವರದಿಯಲ್ಲಿ 215 ಮಂದಿಯನ್ನು ಅವನು ಕೊಂದನೆಂದೂ, ಇನ್ನೂ 45 ಸಾವುಗಳಲ್ಲಿ ಗಟ್ಟಿಯಾದ ಅನುಮಾನವಿದೆಯೆಂದೂ ಹೇಳಿತು. ನನ್ನ ಮಟ್ಟಿಗೆ ಆ ಆಯೋಗದ ದೊಡ್ಡ ಕೆಲಸವೆಂದರೆ ಒಂದೊಂದು ಸಾವಿನ ಬಗ್ಗೆಯೂ ಪ್ರತ್ಯೇಕ ನಿರ್ಣಯ ಬರೆದದ್ದು. ಶಿಪ್‌ಮನ್ ಕೊನೆಯವರೆಗೂ ಏನನ್ನೂ ಒಪ್ಪಿಕೊಳ್ಳದೆ 2004ರ ಜನವರಿ 13ರಂದು ಜೈಲಿನಲ್ಲಿ ಆತ್ಮಹತ್ಯೆ ಮಾಡಿಕೊಂಡ. ಏಕೆ ಎಂಬ ಪ್ರಶ್ನೆಗೆ ಉತ್ತರ ಸಿಗದೆ ಹೋದ ಆ ಮನೆಗಳಿಗೆ, ನಿಮ್ಮ ತಾಯಿ ಇಂಥ ದಿನ ಹೀಗೆ ಸತ್ತರು ಎಂದು ಹೆಸರು ಹಿಡಿದು ಬರೆದ ಆ ಪುಟಗಳು ಸಿಕ್ಕವು. ಪಕ್ಕದ ಮನೆಯ ನೂರು ಸಾವುಗಳ ನಡುವೆ ತಮ್ಮವರ ಸಾವು ಒಂದು ಅಂಕಿಯಾಗಿ ಕರಗಿಹೋಗುವುದು ಎಂಥ ನೋವೆಂದು ಬಲ್ಲವರಿಗೆ ಅದರ ಬೆಲೆ ಗೊತ್ತಾಗುತ್ತದೆ.

ತಾಯಿಯವರ ವಿಷಯದಲ್ಲಿ ಒಂದೆರಡು ಮಾತು. ಸಾಕ್ಷಿಗೆ ಮುಂಚೆ ಒಮ್ಮೆ ಖಾಲಿ ನ್ಯಾಯಾಲಯಕ್ಕೆ ಅವರನ್ನು ಕರೆದೊಯ್ದು, ಎಲ್ಲಿ ನಿಲ್ಲಬೇಕು, ಆರೋಪಿ ಎಲ್ಲಿರುತ್ತಾರೆ ಎಂಬುದನ್ನು ತೋರಿಸಿ. ಜನರಿಗೆ ಪ್ರಶ್ನೆಗಿಂತ ಆ ಅನಿರೀಕ್ಷಿತ ಮುಖಾಮುಖಿಯೇ ಹೆಚ್ಚು ನಡುಕ ಹುಟ್ಟಿಸುತ್ತದೆ. ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿಸಬೇಡಿ. ದುಃಖದ ಮಾತು ಇನ್ನೂ ಹೊರಬರದಿದ್ದರೆ ಬಲವಂತ ಬೇಡ. ಅದಕ್ಕೆ ಶಿಕ್ಷೆಯ ಹಂತದವರೆಗೆ ಸಮಯವಿದೆ, ಆಮೇಲೂ ಇದೆ. ನಿದ್ರೆ, ಊಟ ಎರಡೂ ಕೆಟ್ಟಿದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ.

ಉತ್ತರ: ಕಲ್ಲುಸಂಪಿಗೆ

ಎಲ್ಲರೂ ಆ ಪಾದ್ರಿಯ ಮಾತನ್ನು ಪ್ರಸ್ತಾಪಿಸಿದ್ದೀರಿ. ಅವರು ಎರಿನ್‌ಳನ್ನು ಕ್ಷಮಿಸಿದರೆಂಬ ಸುದ್ದಿಯನ್ನು ಓದಿದಾಗ ನನಗೆ ಸಂಕಟವಾಯಿತು. ಸಂತ್ರಸ್ತರು ಕ್ಷಮಿಸಿದರೆ ಮಾತ್ರ ದೊಡ್ಡವರು, ಸಿಟ್ಟಾದರೆ ಸಣ್ಣವರು ಎಂಬ ಹೊರೆಯನ್ನು ಲೋಕ ಮನೆಯವರ ತಲೆಯ ಮೇಲೆ ಹೊರಿಸುತ್ತದೆ. ಈ ತಾಯಿಯ ಮುಂದೆ ದಯವಿಟ್ಟು ಆ ಉದಾಹರಣೆಯನ್ನು ಯಾರೂ ಎತ್ತಬೇಡಿ.

ಉತ್ತರ: ವಾದಸರಣಿ

ಕಲ್ಲುಸಂಪಿಗೆಯವರ ಕಾಳಜಿ ಸರಿಯಾದದ್ದೇ. ಆದರೆ ಆ ಪಾದ್ರಿ ಕ್ಷಮಿಸಿದ್ದು ತನಗಾದ ಹಾನಿಯನ್ನು ಮಾತ್ರ. ಹೆಂಡತಿಯ ಸಾವನ್ನೂ ಉಳಿದಿಬ್ಬರ ಸಾವನ್ನೂ ಕ್ಷಮಿಸುವ ಅಧಿಕಾರ ತನಗಿಲ್ಲವೆಂದು ಅವರು ಬಿಡಿಸಿ ಹೇಳಿದರು. ಸತ್ತವರ ಪರವಾಗಿ ಯಾರೂ ಕ್ಷಮೆಯ ಪತ್ರಕ್ಕೆ ಸಹಿ ಹಾಕಲಾಗದೆಂಬ ಅಷ್ಟು ನಿಖರವಾದ ಮಾತನ್ನು ನಾನು ವಕೀಲರ ಬಾಯಲ್ಲಿಯೂ ಕೇಳಿಲ್ಲ. ನ್ಯಾಯಮೂರ್ತಿ ಕ್ರಿಸ್ಟೋಫರ್ ಬೀಲ್ 2025ರ ಸೆಪ್ಟೆಂಬರ್ 8ರಂದು ಜೀವಾವಧಿ ಶಿಕ್ಷೆ ವಿಧಿಸಿ, 33 ವರ್ಷ ಕಳೆಯುವವರೆಗೆ ಪೆರೋಲ್ ಇಲ್ಲವೆಂದಾಗ ಆ ಕ್ಷಮೆಯನ್ನು ಪ್ರಸ್ತಾಪಿಸಿದರು. ಪಶ್ಚಾತ್ತಾಪದ ಸುಳಿವೇ ಇಲ್ಲದಿರುವುದು ಎಲ್ಲ ಸಂತ್ರಸ್ತರ ಗಾಯಕ್ಕೆ ಉಪ್ಪು ಸವರಿದಂತೆ ಎಂದೂ ಹೇಳಿದರು. ಕ್ಷಮೆಯ ಮಾತಿನಿಂದ ಶಿಕ್ಷೆ ಹಗುರವಾಗಲಿಲ್ಲ. ಸಿಟ್ಟಿನ ಹೇಳಿಕೆಗೂ ಅದೇ ನ್ಯಾಯಾಲಯದಲ್ಲಿ ಅಷ್ಟೇ ಜಾಗವಿದೆ.

ಪ್ರಶ್ನೆ ಕೇಳಿದವರಿಂದ: ಹೊಂಗೆನೆರಳು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಗೆಳತಿಯ ಮನೆಗೆ ಹೋಗಿ ಇಲ್ಲಿ ಬಂದದ್ದನ್ನೆಲ್ಲ ಅವಳಿಗೆ ಓದಿ ಹೇಳಿದೆ. ತಾಯಿ ಒಳಗಿನ ಕೋಣೆಯಲ್ಲಿದ್ದರು. ಕೇಳಿಸಿಕೊಳ್ಳುತ್ತಿದ್ದಾರೆಂದು ನಮಗೆ ತಿಳಿದಿರಲಿಲ್ಲ. ಫ್ಲಾಸ್ಕಿನ ಭಾಗ ಓದುತ್ತಿದ್ದಾಗ ಬಾಗಿಲಿಗೆ ಬಂದು ನಿಂತು, "ಆ ಲೋಟವನ್ನೂ ಅಲ್ಲಿ ತರುತ್ತಾರೆಯೇ?" ಎಂದು ಕೇಳಿದರು. ಗೆಳತಿ ಕೂಡಲೇ ಅಭಿಯೋಜಕರ ಕಚೇರಿಗೆ ಫೋನು ಮಾಡಿದಳು. ತರುತ್ತಾರೆ, ತಾಯಿಯವರಿಂದಲೇ ಗುರುತಿಸಬೇಕಾಗಿದೆ ಎಂದರು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ನೀರು ತುಂಬಿಟ್ಟದ್ದು ಯಾರು, ಎಷ್ಟು ಹೊತ್ತು ಕಿಟಕಿಯ ಬಳಿ ಇತ್ತು ಎಂಬುದನ್ನು ಕೂಡ ಕೇಳುತ್ತಾರಲ್ಲವೇ ಎಂದರು. ಕೇಳುತ್ತಾರೆ ಎಂದೆವು. ಮೂರು ವರ್ಷಗಳಲ್ಲಿ ಅವರು ಆ ಕಿಟಕಿಯ ಮಾತು ಎತ್ತಿದ್ದು ಅದೇ ಮೊದಲು. ಮುಂದಿನ ಸೋಮವಾರ ಅವರಿಬ್ಬರನ್ನೂ ಖಾಲಿ ನ್ಯಾಯಾಲಯ ನೋಡಲು ಕರೆದೊಯ್ಯುತ್ತಿದ್ದೇನೆ.